ಬಿಳಿ ಉಡುಪಿನ ಹುಕ್ಕುಗಳು

ನಾನು ಒಂದು ಬ್ಯಾಲೆ ಉಡುಪು. ಮೇಲೆ ಬಿಗಿಯಾದ ರವಿಕೆ, ಸೊಂಟದ ಸುತ್ತ ತಟ್ಟೆಯ ಹಾಗೆ ಅಡ್ಡಡ್ಡ ನಿಲ್ಲುವ ಬಿಳಿ ನೆಟ್ಟಿನ ಲಂಗ. ನಮ್ಮ ಜಾತಿಗೆ ಟುಟು ಎಂದು ಹೆಸರು. ಕೇಳಿದವರು ನಗುತ್ತಾರೆ, ನಗಲಿ. ನನ್ನೊಳಗೆ ತೂರಿಕೊಳ್ಳಲು ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಬೆಂಗಳೂರಿನ ಒಂದು ಬ್ಯಾಲೆ ತಂಡದ ಹಿಂದಿನ ಕೋಣೆಯಲ್ಲಿ ಫಿಲೋಮಿನಾ ಆಂಟಿ ನನ್ನನ್ನು ಹೊಲಿದಳು. ಮೊದಲು ಮದುಮಗಳ ಗೌನು ಹೊಲಿಯುತ್ತಿದ್ದವಳು, ಕೈ ಮೃದು. ಬೆನ್ನಿಗೆ ಒಂದು ಸಾಲು ಹುಕ್ಕು ಹಾಕಿ, ತಂಡದ ಒಡತಿ ಗ್ಲಾಡಿಸ್ ಮಿಸ್ ಅವರನ್ನು ಕೇಳಿದಳು.

"ಇನ್ನೊಂದು ಸಾಲು ಇಡ್ಲಾ ಮಿಸ್? ನಾಳೆ ಬೇರೆ ಹುಡುಗಿ ಹಾಕ್ಕೋಬೇಕಾದ್ರೆ?"

"ಬೇಡ. ಬಟ್ಟೆ ಯಾಕೆ ಸಡಿಲ ಆಗ್ಬೇಕು? ಹುಡುಗೀರು ಸಣ್ಣ ಆಗ್ಲಿ."

ಅಂದಿನಿಂದ ಅದೇ ಕಾನೂನು. ಪ್ರದರ್ಶನಕ್ಕೆ ಮುಂಚೆ ಎಲ್ಲರೆದುರು ಹುಕ್ಕು ಹಾಕಿಸುವುದು. ಹುಕ್ಕು ಕೂತರೆ ಪಾತ್ರ ಅವಳದು, ಕೂರದಿದ್ದರೆ ಅವಳು ಹಿಂದಿನ ಸಾಲಿಗೆ. ಮೊದಲು ನನ್ನನ್ನು ತೊಟ್ಟವಳು ಜೆಸಿಂತಾ. ಅವಳ ಬೆನ್ನು ಅಗಲವಾಯಿತೆಂದು ನನ್ನನ್ನು ಕಿತ್ತು ಇನ್ನೊಬ್ಬಳಿಗೆ ಕೊಟ್ಟರು. ಅವಳ ಮೈಮೇಲೂ ನಾನು ಬಹಳ ಕಾಲ ಉಳಿಯಲಿಲ್ಲ. ನನಗೇನೂ ಬೇಜಾರಾಗಲಿಲ್ಲ. ನಾನು ಶಾಸ್ತ್ರೀಯ ಬ್ಯಾಲೆಯ ಉಡುಪು, ನನಗೂ ಒಂದು ಗತ್ತಿತ್ತು.

ಆಮೇಲೆ ಮೇದಿನಿ ಬಂದಳು. ಅವಳು ಕಾಲ್ಬೆರಳ ತುದಿಯಲ್ಲಿ ನಿಂತು ಕೈಗಳನ್ನು ತಲೆಯ ಮೇಲೆ ಎತ್ತಿದರೆ ಸಭಾಂಗಣದಲ್ಲಿ ಕೆಮ್ಮುವವರು ಕೂಡ ಸುಮ್ಮನಾಗುತ್ತಿದ್ದರು. ಅವಳ ಮೈಗೆ ನಾನು ಒಗ್ಗಿದ್ದೆ. ಅವಳಿಗೆ ಮಗುವಾದಾಗ ನನ್ನನ್ನು ಮೊಳೆಗೆ ನೇತುಹಾಕಿದರು.

ಅವಳು ವಾಪಸು ಬಂದಾಗ ತಂಡ ದೊಡ್ಡದೊಂದು ಕಾರ್ಯಕ್ರಮಕ್ಕೆ ತಯಾರಾಗುತ್ತಿತ್ತು. ಮೊದಲ ಭಾಗ ಶಾಸ್ತ್ರೀಯ, ಎರಡನೆಯದು ಆಧುನಿಕ. ಆಧುನಿಕ ಭಾಗ ಕಟ್ಟಲು ಋಷಭ್ ಎಂಬ ಅತಿಥಿ ನೃತ್ಯ ನಿರ್ದೇಶಕ ಬಂದಿದ್ದ. ಅವನದು ಬರಿಗಾಲು, ಮಾಸಲು ಅಂಗಿ, ನೆಲದ ಮೇಲೆ ಹೊರಳಾಟ. ನನಗೆ ಅದನ್ನು ಕಂಡರಾಗದು.

ಮೇದಿನಿ ಮೊದಲ ಭಾಗದ, ನನ್ನನ್ನು ತೊಟ್ಟು ಮಾಡುವ ಬಿಳಿಯ ಪಾತ್ರವನ್ನೇ ಕೇಳಿದಳು. "ಒಂದೇ ಒಂದ್ಸಲ ಮಿಸ್. ಇನ್ನು ಆ ನೃತ್ಯ ಮಾಡೋ ವಯಸ್ಸು ನಂಗಿರಲ್ಲ."

"ಹುಕ್ಕು ಕೂರ್ಲಿ, ನೋಡೋಣ" ಅಂದರು ಮಿಸ್.

ಅವಳು ಅನ್ನ ಬಿಟ್ಟಳು. ಮಗುವಿಗೆ ಹಾಲು ಬಿಡಿಸಿ ಬಾಟಲಿ ಹಿಡಿಸಿದಳು. ಹೊಟ್ಟೆಗೆ ಹಳೆಯ ಸೀರೆ ಬಿಗಿದುಕೊಂಡು ಅಭ್ಯಾಸ ಮಾಡಿದಳು. ತಲೆ ಸುತ್ತಿ ಗೋಡೆ ಹಿಡಿದುಕೊಳ್ಳುತ್ತಿದ್ದಳು. ಹುಕ್ಕಿನ ದಿನ ಎಲ್ಲರೂ ಸುತ್ತ ನಿಂತರು.

"ಉಸಿರು ಬಿಡು. ಇನ್ನೂ ಬಿಡು" ಅಂದರು ಮಿಸ್.

ಫಿಲೋಮಿನಾ ಆಂಟಿ ಬೆನ್ನಿಗೆ ಮಂಡಿ ಕೊಟ್ಟು ಎಳೆದಳು. ಹುಕ್ಕು ಒಂದೊಂದಾಗಿ ಕೂತವು. ನನ್ನ ಎದೆಭಾಗ ತಟ್ಟನೆ ಒದ್ದೆಯಾಯಿತು. ಅವಳ ಹಾಲು ಇನ್ನೂ ನಿಂತಿರಲಿಲ್ಲ. ಯಾರೋ ಕಿಸಕ್ಕೆಂದರು. ಮೇದಿನಿ ಲೆಕ್ಕಿಸಲಿಲ್ಲ, ಅವಳ ಮುಖ ಅರಳಿತ್ತು. ನಿಜ ಹೇಳುತ್ತೇನೆ, ನನಗೂ ಸಂತೋಷವಾಯಿತು.

ಆಗ ಮಿಸ್ ಒಂದು ಚೀಲ ಬಿಚ್ಚಿ ಹೊಚ್ಚ ಹೊಸ ಬಿಳಿ ಉಡುಪು ತೆಗೆದರು. ಅದರ ಬೆನ್ನಿಗೆ ಮೂರು ಸಾಲು ಹುಕ್ಕಿದ್ದವು.

"ನಿಯತಿ, ಇದು ನಿಂದು. ಬಿಳಿ ಪಾತ್ರ ನೀನೇ ಮಾಡು."

ನಿಯತಿ ಹೊಸದಾಗಿ ಸೇರಿದ ಎಳೆಯ ಹುಡುಗಿ. ಮೇದಿನಿ ನನ್ನ ಲಂಗ ಮುಟ್ಟಿ, "ಮತ್ತೆ ನಾನು ಹಾಕ್ಕೊಂಡಿರೋದು?" ಎಂದಳು.

"ಅದು ಎರಡನೇ ಭಾಗಕ್ಕೆ. ಸ್ಟೇಜ್ ಮೇಲೆ ಕತ್ತರಿಸೋಕೆ ಋಷಭ್‌ಗೆ ಒಂದು ಹಳೇ ಟುಟು ಬೇಕಂತೆ. ಮಗು ಹೆತ್ತ ಮೈನೂ ಬೇಕಂತೆ. ನೀನು ನಿಂತ್ಕೊಂಡಿದ್ರೆ ಸಾಕು."

"ಹಾಗಾದ್ರೆ ಹುಕ್ಕು ಯಾಕೆ ಹಾಕಿಸಿದ್ರಿ?"

"ಬಿಗಿಯಾಗಿದ್ರೆ ಹೊಟ್ಟೆ ಚೆನ್ನಾಗಿ ಎದ್ದು ಕಾಣುತ್ತೆ ಅಂದ. ಬೇಡ ಅಂದ್ರೆ ಈಗ್ಲೇ ಹೇಳು, ಬೇರೆಯವರನ್ನ ನೋಡ್ತೀನಿ."

ಮೇದಿನಿ ಬೇಡ ಅನ್ನಲಿಲ್ಲ. ರಂಗ ಬಿಟ್ಟರೆ ಅವಳಿಗೆ ಇನ್ನೇನೂ ಗೊತ್ತಿರಲಿಲ್ಲ.

ಪ್ರದರ್ಶನದ ಸಂಜೆ ಅವಳು ಪರದೆಯ ಪಕ್ಕದಲ್ಲಿ ನಿಂತು ನಿಯತಿಯನ್ನು ನೋಡಿದಳು. ನಿಯತಿ ಎರಡು ಸಲ ತಪ್ಪಿದಳು, ಜನ ಚಪ್ಪಾಳೆ ತಟ್ಟಿದರು. ಎರಡನೆಯ ಭಾಗದಲ್ಲಿ ಮೇದಿನಿಯನ್ನು ಬರಿಗಾಲಲ್ಲಿ ನಡುವೆ ನಿಲ್ಲಿಸಿದರು. ಉಳಿದವರು ಸುತ್ತ ತಿರುಗುತ್ತ ನನ್ನ ಲಂಗವನ್ನು ಕಚಕಚನೆ ಕತ್ತರಿಸಿದರು. ನೋವಿಗಿಂತ ನಾಚಿಕೆ ಹೆಚ್ಚಾಯಿತು. ಕೊನೆಗೆ ಉಳಿದದ್ದು ರವಿಕೆ, ಅದರ ಕೆಳಗೆ ಅವಳ ಹೊಟ್ಟೆ. ಅವಳು ತಲೆ ತಗ್ಗಿಸಿ ಪರದೆ ಬೀಳುವವರೆಗೆ ನಿಲ್ಲಬೇಕಿತ್ತು.

ಮೇದಿನಿ ತಲೆ ತಗ್ಗಿಸಲಿಲ್ಲ. ನಿಧಾನವಾಗಿ ಬರಿಗಾಲ ಬೆರಳುಗಳ ಮೇಲೆ ಎದ್ದಳು. ಕೈಗಳನ್ನು ತಲೆಯ ಮೇಲೆ ದುಂಡಗೆ ಎತ್ತಿದಳು. ಬಿಳಿಯ ಪಾತ್ರದ ಅದೇ ಭಂಗಿ, ಒಂದು ಕೂದಲೆಳೆ ತಪ್ಪಿಲ್ಲದೆ. ಅಷ್ಟು ಚೆನ್ನಾಗಿ ಅವಳು ಎಂದೂ ನಿಂತಿರಲಿಲ್ಲ.

ಜನ ಹೋ ಎಂದು ನಕ್ಕರು. ತಮಾಷೆಗೆ ಮಾಡಿದ್ದಾಳೆ ಅಂದುಕೊಂಡರು.

ಒಳಗೆ ಬಂದಾಗ ಮಿಸ್ ಅವಳ ಬೆನ್ನು ತಟ್ಟಿದರು. "ಆ ಕೊನೇದು ಬಹಳ ಚೆನ್ನಾಗಿತ್ತು. ನಾಳೆಯಿಂದ ಅದನ್ನ ಇಟ್ಕೋ."

ಈಗ ನನಗೆ ವಯಸ್ಸಾಗಿದೆ. ಕಂಕುಳಲ್ಲಿ ಬೆವರು ಹಳದಿಗಟ್ಟಿದೆ. ಟ್ರಂಕಿನ ಮೂಲೆಯಲ್ಲಿ ಊರಿಂದೂರಿಗೆ ಹೋಗುತ್ತೇನೆ. ಹೋದಲ್ಲೆಲ್ಲ ಫಿಲೋಮಿನಾ ಆಂಟಿ ನನ್ನ ಸೊಂಟಕ್ಕೆ ಅಗ್ಗದ ನೆಟ್ಟು ಹೊಲಿಯುತ್ತಾಳೆ, ಸಂಜೆ ಅದನ್ನು ಕತ್ತರಿಸುತ್ತಾರೆ. ಮೇದಿನಿ ಬೆರಳ ಮೇಲೆ ಏಳುತ್ತಾಳೆ, ಎಲ್ಲ ಊರಿನವರೂ ಅದೇ ಗಳಿಗೆಗೆ ನಗುತ್ತಾರೆ. ಮೊದಮೊದಲು ಆ ನಗುವಿಗೆ ಅವಳ ಮೈ ನನ್ನೊಳಗೆ ನಡುಗುತ್ತಿತ್ತು. ಈಗ ನಡುಗುವುದಿಲ್ಲ. ನಗು ಬರುವುದು ಒಂದು ಕ್ಷಣ ತಡವಾದರೆ, ಕೈ ಇಳಿಸದೆ ಕಾಯುತ್ತಾಳೆ.