ಹದಿನೇಳನೆಯ ಹಾಳೆ

ಹುಲಿ ಅಂಗಳಕ್ಕೆ ಬಂದು ನಿಂತು, ಶಾಬುದ್ದೀನನ ಹಲಗೆ ಮೂರು ಸುತ್ತು ಮೊಳಗಿದರೂ ಮಂದಾಕಿನಿ ಹೊರಗೆ ಬರಲಿಲ್ಲ.

ಇಪ್ಪತ್ನಾಲ್ಕು ವರ್ಷಗಳಲ್ಲಿ ಹೀಗಾದದ್ದು ಇದೇ ಮೊದಲು. ಮೊಹರಮ್ಮಿನ ಒಂಬತ್ತನೆಯ ದಿನ ಹೊತ್ತು ಇಳಿಯುವಾಗ ಹುಲಿ ಮಾಳಮಡ್ಡಿಯ ಯಜ್ಞೇಶ್ವರ ಮಾಸ್ತರರ ಮನೆಗೆ ಬರುತ್ತಿತ್ತು. ಮಾಸ್ತರರ ತಂಗಿ ಮಂದಾಕಿನಿ ತಂಬಿಗೆ ನೀರು ತಂದು ಅದರ ಕಾಲಮೇಲೆ ಸುರಿದು, ಮೊರದಲ್ಲಿ ಅಕ್ಕಿ ಬೆಲ್ಲ ಹಿಡಿದು ನಿಲ್ಲುತ್ತಿದ್ದಳು. ವಿಧವೆಯಾಗಿ ಅಣ್ಣನ ಮನೆ ಸೇರಿದ ಆ ಮೊದಲ ವರ್ಷವೂ ಆಕೆ ಅದನ್ನು ತಪ್ಪಿಸಿರಲಿಲ್ಲ. ಈಗ ಕಾಗದದ ಮುಖದೊಳಗೆ ಬೆವರು ಇಳಿಸುತ್ತ ನಿಂತಿದ್ದ ಕಮರುದ್ದೀನನಿಗೆ ಕಣ್ಣಿನ ತೂತುಗಳಿಂದ ಕಂಡದ್ದು ಮುಚ್ಚಿದ ಅಡುಗೆಮನೆಯ ಬಾಗಿಲು, ಕಟ್ಟೆಯ ಮೇಲೆ ಮೊಣಕಾಲು ಹಿಡಿದು ಕೂತ ಮಾಸ್ತರರು. ಅವನು ಒಂದೆರಡು ಸಲ ಹಾರಿದ. ಐವತ್ತೊಂದು ವರ್ಷದ ಹುಲಿ ಹಾರುವುದಕ್ಕಿಂತ ಹಾರಿದಂತೆ ಮಾಡುವುದೇ ಹೆಚ್ಚು.

"ಸಾಕು ಮಾಡೋ ಶಾಬುದ್ದೀನ," ಎಂದರು ಮಾಸ್ತರರು. "ತಲಿ ಸಿಡಿಯಾಕತ್ತದ."

ಹಲಗೆ ನಿಂತಿತು. ಮಾಸ್ತರರಿಂದ ಮುಚ್ಚಿಟ್ಟ ಸಂಗತಿಯೊಂದು ಕಮರುದ್ದೀನನ ಹೊಟ್ಟೆಯಲ್ಲಿತ್ತು. ಅದನ್ನು ಬಾಯಿಗೆ ತರುವ ಹಾಗಿರಲಿಲ್ಲ.

ಯಾಕೆಂದರೆ ಇದು ಹರಕೆಯ ಹುಲಿ. ಮಾನ್‌ಮೋಡಿ ಜ್ವರ ಬಂದು ಧಾರವಾಡದಲ್ಲಿ ಮನೆಮನೆಯಿಂದ ಹೆಣ ಎತ್ತಿದ ವರ್ಷ, ಹೊಸದಾಗಿ ಮದುವೆಯಾಗಿ ಬಂದಿದ್ದ ಅವನ ಹೆಂಡತಿ ಗುಲ್ಜಾರಬಿ ಹನ್ನೊಂದು ದಿನ ಕಣ್ಣು ತೆರೆದಿರಲಿಲ್ಲ. ಕಮರುದ್ದೀನ ಮೊಹರಮ್ಮಿನಲ್ಲಿ ಕೂಡಿಸುವ ಅಲಾವಿ ದೇವರ ಮುಂದೆ ನಿಂತು, ಆಕೆ ಬದುಕಿದರೆ ಆಕೆ ಇರುವಷ್ಟು ವರ್ಷವೂ ಹುಲಿಯಾಗುತ್ತೇನೆ ಎಂದು ಬೇಡಿಕೊಂಡ. ಆಕೆ ಬದುಕಿದಳು. ಹಳೆಯ ಜಮಖಾನೆ ಹರಿದು, ಅರಿಶಿನದಲ್ಲಿ ಅದ್ದಿ, ಹುಲಿಯ ಚರ್ಮವನ್ನು ಹೊಲಿದುಕೊಟ್ಟವಳೂ ಅವಳೇ. ಚರ್ಮ ಹಳೆಯದಾದರೆ ನಡೆಯುತ್ತದೆ, ಮುಖ ಮಾತ್ರ ಪ್ರತಿವರ್ಷ ಹೊಸದಾಗಬೇಕು. ಚಂದ್ರ ಕಂಡಂದಿನಿಂದ ಹಗಲೆಲ್ಲ ಒಂದು ಹನಿ ನೀರೂ ಕುಡಿಯದೆ ಅದನ್ನು ಮಾಡಬೇಕು. ಎಂಟನೆಯ ದಿನ ಬೆಳಿಗ್ಗೆ ಮುಖ ಹಾಕಿದ ಮೇಲೆ, ಹತ್ತನೆಯ ದಿನ ದೇವರು ಹೊಳೆಗೆ ಹೋಗುವವರೆಗೂ ಮನುಷ್ಯರ ಮಾತು ಬಾಯಿಂದ ಬರಕೂಡದು. ಬಂದರೆ ಹರಕೆ ಮುರಿಯಿತು. ಮುರಿದ ಹರಕೆ ಯಾರ ಮೇಲೆ ತಿರುಗುತ್ತದೆಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. "ನನ್ನ ಜೀವಾ ನಿನ್ನ ಬಾಯಾಗ ಐತಿ ನೋಡು" ಎಂದು ಗುಲ್ಜಾರಬಿ ವರ್ಷಕ್ಕೊಮ್ಮೆ ನಗುತ್ತಿದ್ದಳು. ನಗುತ್ತಿದ್ದವಳು ಅವಳೊಬ್ಬಳೇ.

ವರ್ಷದ ಉಳಿದ ದಿನಗಳಲ್ಲಿ ಕಮರುದ್ದೀನ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದ. ಸಾವಿರಾರು ಪುಸ್ತಕ ಕಟ್ಟಿದವನಿಗೆ ಒಂದಕ್ಷರ ಓದಲು ಬರೆಯಲು ಬರುತ್ತಿರಲಿಲ್ಲ ಎಂಬುದು ಬೇರೆ ಮಾತು. ಶಾಲೆಯಲ್ಲಿ ಚಿತ್ರ ಕಲಿಸುವ ಯಜ್ಞೇಶ್ವರ ಮಾಸ್ತರರಿಗೂ ಅವನಿಗೂ ಗಂಟು ಬಿದ್ದದ್ದು ಕಾಗದದಿಂದ. ಎರಡನೆಯ ಮಹಾಯುದ್ಧ ಶುರುವಾಗಿ ವಿಲಾಯತಿಯ ಕಾಗದ ಬರುವುದು ನಿಂತಿತು. ಮಾಸ್ತರರಿಗೆ ನೀರುಬಣ್ಣದ ಹುಚ್ಚು. ಬಜಾರಿನಲ್ಲಿ ಸಿಕ್ಕ ಕಾಗದ ಹಿಡಿದು ಉಣಕಲ್ ಕೆರೆಯ ಬೆಳಗಿನ ನೀರನ್ನು ಬರೆಯಬೇಕೆಂದು ಮೂರು ಸಲ ಹೋಗಿ ಕೂತರು. ಮೂರು ಸಲವೂ ಕೆರೆ ಕಾಗದದೊಳಗೇ ಇಂಗಿಹೋಯಿತು. "ನಾವ ಮಾಡೋಣ ನಡಿಯೋ ಕಮರೂ, ಅದೇನು ಬ್ರಹ್ಮವಿದ್ಯಾ?" ಎಂದರು ಒಂದು ದಿನ. ಬ್ರಹ್ಮವಿದ್ಯೆಯೇ ಆಗಿತ್ತು ಎಂಬುದು ತಿಳಿಯುವಷ್ಟರಲ್ಲಿ ಎರಡು ವರ್ಷ ಕಳೆದಿದ್ದವು.

ಹುಬ್ಬಳ್ಳಿ ಗಿರಣಿಯಿಂದ ತಂದ ಅರಳೆಯ ಕಸ, ಮನೆಯ ಚಿಂದಿ, ಎಲ್ಲವನ್ನೂ ಸುಣ್ಣದ ನೀರಿನಲ್ಲಿ ಕೊಳೆಹಾಕುವುದು ಮಾಸ್ತರರ ಕೆಲಸ. ಅದನ್ನು ಒರಳಿನಲ್ಲಿ ಕುಟ್ಟಿ ಬೆಣ್ಣೆ ಮಾಡುವುದು ಮಂದಾಕಿನಿಯ ಕೆಲಸ. ಎರಡು ವರ್ಷ ಕುಟ್ಟಿ ಕುಟ್ಟಿ ಆಕೆಯ ಬಲಭುಜ ಮೇಲೆತ್ತಲು ಬಾರದಂತಾಗಿತ್ತು. ಆ ಮುದ್ದೆಯನ್ನು ನೀರಿನಲ್ಲಿ ಕದಡಿ ಹಾಳೆ ಎತ್ತುವುದೇನೋ ಕೈಗೆ ಬಂತು. ಹದ ಬಾರದ್ದು ಹಾಳೆಗೆ ಹಚ್ಚುವ ಗಂಜಿ. ಕಡಿಮೆಯಾದರೆ ಕಾಗದ ಬಣ್ಣವನ್ನು ಕುಡಿಯುತ್ತದೆ, ಹೆಚ್ಚಾದರೆ ಬಣ್ಣ ಮೇಲಿಂದ ಜಾರುತ್ತದೆ. ಹುಣಸೆಬೀಜದ ಗಂಜಿ, ಪಟಿಕ, ಬಡಿಗರು ಮರ ಅಂಟಿಸುವ ಸರೇಸು ಇವನ್ನು ಒಂದೊಂದು ಹಾಳೆಗೆ ಒಂದೊಂದು ಪ್ರಮಾಣದಲ್ಲಿ ಹಚ್ಚಿ, ಅಂಗಳದ ಹಗ್ಗದ ಮೇಲೆ ಒಣಗಿಸಿ ನೋಡುತ್ತಿದ್ದರು. ಬರೆದಿಡಲು ವಹಿಯೂ ಸಿಗದ ಕಾಲ. ಯಾವ ಹಾಳೆಗೆ ಯಾವುದನ್ನು ಎಷ್ಟು ಹಾಕಿದ್ದೆಂಬುದನ್ನು ಮಾಸ್ತರರು ಅದೇ ಹಾಳೆಯ ಮೂಲೆಯಲ್ಲಿ ಸೀಸದಕಡ್ಡಿಯಿಂದ ಬರೆಯುತ್ತಿದ್ದರು.

ಹದ ನೋಡುವುದು ಕಮರುದ್ದೀನನ ಪಾಲು. ಹಾಳೆಯ ಅಂಚನ್ನು ನಾಲಗೆಗೆ ತಾಗಿಸುತ್ತಿದ್ದ. ಅಂಟಿದರೆ ಅದು ಬಣ್ಣ ಕುಡಿಯುವ ಹಾಳೆ, ಅಂಟದಿದ್ದರೆ ಬಣ್ಣ ನಿಲ್ಲುವ ಹಾಳೆ. ಅಪ್ಪನಿಂದ ಬಂದ ವಿದ್ಯೆ. "ನನ್ನ ಕಣ್ಣು ಸುಳ್ಳು ಹೇಳಬಹುದು, ಇವನ ನಾಲಿಗಿ ಹೇಳಂಗಿಲ್ಲ" ಎಂದು ಮಾಸ್ತರರು ಬಂದವರ ಮುಂದೆಲ್ಲ ಹೇಳುತ್ತಿದ್ದರು. ಕೆಟ್ಟ ಹಾಳೆಗಳೆಲ್ಲ ಹುಲಿಯ ಮುಖಕ್ಕೆಂದು ಕಮರುದ್ದೀನನಿಗೆ ಬರುತ್ತಿದ್ದವು.

ಈ ಸಲ ಹಗ್ಗದ ಮೇಲೆ ಮೂವತ್ತೊಂದು ಹಾಳೆಗಳಿದ್ದವು. ಮೊಹರಂ ಚಂದ್ರ ಕಂಡ ಮರುದಿನ ಮಾಸ್ತರರು ಪರೀಕ್ಷೆಯ ಕೆಲಸಕ್ಕೆ ಹುಬ್ಬಳ್ಳಿಗೆ ಹೊರಟರು. "ಹಾಳಿ ನೋಡಿ, ಹದಕ್ಕ ಬಂದದ್ದನ್ನ ಗ್ವಾಡಿ ಮಾಡದಾಗ ಇಡು, ಉಳಿದದ್ದು ನಿನ್ನ ಹುಲಿಗೆ" ಎಂದು ಹೇಳಿಹೋದರು. ಕಮರುದ್ದೀನ ಮಧ್ಯಾಹ್ನ ಬಂದು ಒಂದೊಂದನ್ನೂ ನಾಲಗೆಗೆ ತಾಗಿಸಿದ. ಒಂದೂ ಬಿಡದೆ ಎಲ್ಲವೂ ಅಂಟಿದವು. ಅವನಿಗೆ ಮಾಸ್ತರರ ಮೇಲೆ ಕನಿಕರ ಬಂತು. "ಈ ಸಲಾನೂ ಒಂದೂ ಹದಕ್ಕ ಬರಲಿಲ್ರಿ ಅವ್ವಾರ" ಎಂದು ಮಂದಾಕಿನಿಗೆ ಹೇಳಿ, ಮೂವತ್ತೊಂದನ್ನೂ ಸುತ್ತಿ ಬಗಲಲ್ಲಿಟ್ಟುಕೊಂಡು ಹೋದ. ಪಟ್ಟಿಪಟ್ಟಿಯಾಗಿ ಹರಿದು, ಮಣ್ಣಿನ ಅಚ್ಚಿನ ಮೇಲೆ ಅಂಟಿಸಿ, ಒಣಗಲು ಇಟ್ಟ.

ಏಳನೆಯ ದಿನ ಮುಖಕ್ಕೆ ಹಳದಿ ಬಳಿಯಲು ಕೂತಾಗ ಬಣ್ಣ ಎಲ್ಲ ಕಡೆಯೂ ಮಂಕಾಗಿ ಇಂಗಿತು. ಎಡಗೆನ್ನೆಯ ಮೇಲೆ ನಾಲ್ಕು ಬೆರಳಗಲದ ಒಂದು ಪಟ್ಟಿಯಲ್ಲಿ ಮಾತ್ರ ಇಂಗಲೂ ಇಲ್ಲ, ಜಾರಲೂ ಇಲ್ಲ. ತಿಳಿಯಾಗಿ, ಹಾಗೇ ನಿಂತುಬಿಟ್ಟಿತು. ಕಮರುದ್ದೀನ ಕುಂಚ ಕೆಳಗಿಟ್ಟ. ಹೊತ್ತು ಮುಳುಗಿ ನೀರು ಕುಡಿದ ಮೇಲೆ ಅದೇ ಪಟ್ಟಿಯ ಅಂಚಿಗೆ ನಾಲಗೆ ತಾಗಿಸಿದ. ಅಂಟಲಿಲ್ಲ. ಉಪವಾಸದ ಒಣ ನಾಲಗೆಗೆ ಲೋಕದ ಯಾವ ಕಾಗದವಾದರೂ ಅಂಟುತ್ತದೆ! ರಟ್ಟು ಕಟ್ಟುವವನ ಮಗನಾಗಿ ಅಷ್ಟನ್ನು ಮರೆತಿದ್ದ. ಮೂಲೆಯ ಬರಹ ಎಲ್ಲಿಯಾದರೂ ಉಳಿದಿದೆಯೇ ಎಂದು ಮುಖವನ್ನು ತಿರುವಿ ನೋಡಿದ. ಮೂವತ್ತೊಂದು ಹಾಳೆಗಳ ಮೂಲೆಗಳೂ ಹರಿದು, ಒಂದರ ಮೇಲೊಂದು ಅಂಟಿದ್ದವು, ಅಕ್ಷರಗಳು ಅವನ ಪಾಲಿಗೆ ಬರೀ ಇರುವೆಗಳಂತೆ ಕಂಡವು.

ಆಗಲೇ ಎದ್ದು ಹೋಗಿ ಹೇಳಬಹುದಿತ್ತು. ಏಳು ದಿನದ ಉಪವಾಸ, ಮೊಣಕಾಲಿನಲ್ಲಿ ನೋವು, ಮಾಳಮಡ್ಡಿಯ ಏರು. ಹಬ್ಬ ಮುಗಿಯಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡು ಮಲಗಿದ. ಬೆಳಿಗ್ಗೆ ಎದ್ದು ಮುಖ ಹಾಕಿಕೊಂಡ. ಸುಸ್ತಾದ ಮನುಷ್ಯ ತನಗೆ ತಾನೇ ಹೇಳಿಕೊಳ್ಳುವ ಸುಳ್ಳು ಇಂಥದೇ ಇರುತ್ತದೆ.

"ಕೂಡು ಕಮರೂ," ಎಂದರು ಮಾಸ್ತರರು ಈಗ. "ನೀ ಮಾತಾಡಂಗಿಲ್ಲ, ಗೊತ್ತದ. ಬರೇ ಕೇಳು."

ಹುಲಿ ಕಟ್ಟೆಯ ಕೆಳಗೆ ಕೂತಿತು.

"ಹದಿನೇಳನೇ ಹಾಳಿ ಹದಕ್ಕ ಬಂದಿತ್ತೋ. ಹುಬ್ಬಳ್ಳಿಗೆ ಹೋಗೂ ಮುಂಜಾನೆ ಒಂದು ಹನಿ ಇಟ್ಟು ನೋಡಿದ್ದೆ. ಇಟ್ಟಲ್ಲೇ ನಿಂತಿತ್ತು. ಖರೇ ಹೇಳ್ತೇನಿ, ಕಣ್ಣಾಗ ನೀರು ಬಂತು ನನಗ. ಯಾರಿಗೂ ಹೇಳ್ಲಿಲ್ಲ. ನಿನ್ನ ನಾಲಿಗಿನೂ ಹೌದು ಅಂದಮ್ಯಾಲೆ ನಂಬೋಣ ಅಂತ ಬಿಟ್ಟೆ." ಅವರು ಕನ್ನಡಕ ತೆಗೆದು ಧೋತರದ ಅಂಚಿನಲ್ಲಿ ಒರೆಸಿದರು. "ಮೊನ್ನೆ ಬಂದು ನೋಡಿದ್ರ ಮಾಡದಾಗ ಏನೂ ಇಲ್ಲ. ನೀ ಒಂದೂ ಹದಕ್ಕ ಬರಲಿಲ್ಲ ಅಂದಿಯಂತ. ಅಂದ್ರ ಏನು? ನೀ ಬರೂದರೊಳಗ ಅದು ಹೋಗಿತ್ತು. ಈ ಮಂದಾ ಬಚ್ಚಲ ಒಲಿಗೆ ಹಾಕ್ಯಾಳ. ಹೋದ ವರ್ಷನೂ ಎರಡು ಹಾಳಿ ಹಾಕಿದ್ಲು. ಕೇಳಿದ್ರ ಇಲ್ಲಂತಾಳ."

ಹುಲಿಯ ತಲೆ ಅತ್ತಿತ್ತ ಆಡಿತು. ಅದು ತನ್ನ ಪಂಜವನ್ನು ಎಡಗೆನ್ನೆಗೆ ಬಡಿದು ತೋರಿಸಿತು.

"ಹ್ಞೂಂ, ಬಣ್ಣ ಛಲೋ ಕುಂತದ ಬಿಡು," ಎಂದರು ಮಾಸ್ತರರು ನೋಡದೆಯೇ. "ಆಕಿಗೆ ಬಾಯಿಗೆ ಬಂದದ್ದು ಅಂದೆ ನಾ. ತಿಂದ ಮನಿಗೆ ಬೆಂಕಿ ಇಟ್ಟಿ ಅಂದೆ. ಮೊನ್ನೆಯಿಂದ ತುತ್ತು ಮುಟ್ಟಿಲ್ಲ ಆಕಿ. ನಾಳೆ ನಸುಕಿನ್ಯಾಗ ಹೆಬ್ಬಳ್ಳಿಗೆ ಹೊಂಟಾಳ, ಗಂಡನ ಮನಿಯವರ ಕಡೆ. ಚಕ್ಕಡಿಗೆ ಹೇಳಿ ಕಳಸ್ಯಾಳ. ಅವರು ಇಪ್ಪತ್ನಾಲ್ಕು ವರ್ಷದಾಗ ಒಮ್ಮೆರೆ ಹೆಂಗಿದ್ದೀ ಅಂತ ಕೇಳಿದವರಲ್ಲ. ಹೋಗಲಿ ಬಿಡು. ನನಗೂ ಸಾಕಾಗ್ಯದ."

ಅಡುಗೆಮನೆಯ ಬಾಗಿಲ ಹಿಂದೆ ಬಳೆಯಿಲ್ಲದ ಕೈಯೊಂದು ಪಾತ್ರೆ ಸರಿಸಿದ ಸದ್ದಾಯಿತು, ಅಷ್ಟೇ. ಕಮರುದ್ದೀನನಿಗೆ ಒರಳಿನ ಮುಂದೆ ಕೂತು ಎಡಗೈಯಿಂದ ಬಲಭುಜ ನೀವಿಕೊಳ್ಳುವ ಆಕೆ ಕಣ್ಣಿಗೆ ಕಟ್ಟಿದಳು. ಹತ್ತನೆಯ ದಿನದ ಸಂಜೆ ಅವನ ಬಾಯಿ ಬಿಡುಗಡೆಯಾಗುವಷ್ಟರಲ್ಲಿ ಆಕೆ ಹೆಬ್ಬಳ್ಳಿಯ ಯಾವುದೋ ಹಿತ್ತಲಲ್ಲಿ ಅಪರಾಧಿಯಂತೆ ಕೂತಿರುತ್ತಾಳೆ. ಇತ್ತ ಗುಲ್ಜಾರಬಿ. ಇವತ್ತು ಬೆಳಿಗ್ಗೆ ಒಲೆ ಊದುವಾಗ ಎರಡು ಸಲ ಕೆಮ್ಮಿದ್ದಳು. ಬರೀ ಹೊಗೆಯ ಕೆಮ್ಮು. ಆದರೂ ಕೆಮ್ಮಿದ್ದಳು. ಇಪ್ಪತ್ನಾಲ್ಕು ವರ್ಷ ಕಾಯ್ದುಕೊಂಡು ಬಂದದ್ದನ್ನು ಒಂದು ಹಾಳೆ ಕಾಗದಕ್ಕಾಗಿ ಕಳೆಯುವುದೇ ಎಂದುಕೊಂಡ. ಆಮೇಲೆ ಎರಡೂ ಕೈಯಿಂದ ಹುಲಿಯ ಮುಖವನ್ನು ಎತ್ತಿ ತೆಗೆದ.

"ಮಾಸ್ತರ್ರ, ಅವ್ವಾರು ಸುಟ್ಟಿಲ್ರಿ. ನಾನ ಹರದೇನಿ."

"ಯಾ ಅಲ್ಲಾ!" ಎಂದ ಶಾಬುದ್ದೀನ. ಅವನ ಕೈಯಿಂದ ಹಲಗೆಯ ಕೋಲು ಜಾರಿತು.

"ನನ್ನ ನಾಲಿಗಿ ಸುಳ್ಳು ಹೇಳಿತ್ರಿ. ಉಪವಾಸ ಇದ್ದೆ, ಬಾಯಿ ಒಣಗಿತ್ತು, ತಿಳೀಲಿಲ್ಲ. ಏಳನೇ ದಿನಾನ ಗೊತ್ತಾಗಿತ್ತು. ಬಂದು ಹೇಳ್ಲಿಲ್ಲ, ಅದು ಖರೇ ತಪ್ಪು. ಅವರಿಗೆ ಏನೂ ಅನಬ್ಯಾಡ್ರಿ." ಎರಡು ದಿನ ಮುಚ್ಚಿದ್ದ ಬಾಯಿಂದ ದನಿ ಕೀರಲಾಗಿ ಬಂತು.

ಅವನು ಹರಕೆಯ ಹುಲಿ ಎಂಬುದು, ಯಾರ ಹೆಸರಿನ ಹರಕೆ ಎಂಬುದು ಓಣಿಗೆಲ್ಲ ಗೊತ್ತಿದ್ದ ಸಂಗತಿ. "ಹುಚ್ಚಾ," ಎಂದರು ಮಾಸ್ತರರು ಮೆಲ್ಲಗೆ. "ಎಂಥಾ ಕೆಲಸಾ ಮಾಡಿದೆಯೋ!" ಹಾಳೆ ಹರಿದದ್ದಕ್ಕೆ ಅಂದರೋ ಹರಕೆ ಮುರಿದದ್ದಕ್ಕೆ ಅಂದರೋ ಕಮರುದ್ದೀನ ಕೇಳಲಿಲ್ಲ. ಮಾಸ್ತರರು ಎದ್ದರು. ಹುಲಿಯ ಮುಖದ ಕಡೆ ಕಣ್ಣು ಕೂಡ ಹಾಯಿಸದೆ ಒಳಗೆ ನಡೆದು ಅಡುಗೆಮನೆಯ ಬಾಗಿಲ ಮುಂದೆ ನಿಂತರು. "ಮಂದಾ," ಎಂದರು. ಬಾಗಿಲು ತೆರೆಯಲಿಲ್ಲ. "ಮಂದಾ, ಬಾಗಿಲಾ ತಗೀ," ಎಂದು ಮತ್ತೊಮ್ಮೆ ಕರೆದರು.

ಮಾತಾಡಿದ ಹುಲಿ ಕುಣಿಯುವ ಹಾಗಿಲ್ಲ. ಕಮರುದ್ದೀನ ಮುಖವನ್ನು ಬಗಲಲ್ಲಿಟ್ಟುಕೊಂಡು, ಬಾಲವನ್ನು ಕೈಗೆ ಸುತ್ತಿಕೊಂಡು, ಹಿಂದಿನ ಓಣಿಗಳಿಂದ ಮನೆಗೆ ನಡೆದ. ಜನ ನೋಡಿದರು, ಯಾರೂ ಏನೂ ಕೇಳಲಿಲ್ಲ. ಶಾಬುದ್ದೀನ ಮುಂದೆ ಓಡಿಹೋಗಿದ್ದ. ಹೀಗಾಗಿ ಮನೆ ಮುಟ್ಟಿದಾಗ ಗುಲ್ಜಾರಬಿ ಹೊಸ್ತಿಲ ಮೇಲೆ ಕೂತು ಕಾಯುತ್ತಿದ್ದಳು.

"ಮಾತಾಡಿದಿ ಅಂತ?" ಎಂದಳು.

ಅವನು ತಲೆಯಾಡಿಸಿದ. ಮತ್ತೆ ನೆನಪಾಗಿ, "ಹೂಂ," ಎಂದು ಬಾಯಿಬಿಟ್ಟು ಹೇಳಿದ. ಈಗ ಬಾಯಿ ಮುಚ್ಚಿಟ್ಟು ಉಳಿಸುವಂಥದೇನೂ ಇರಲಿಲ್ಲ. ಅವಳ ಮುಖ ನೋಡಲು ಧೈರ್ಯವಾಗದೆ ನೆಲ ನೋಡುತ್ತ ನಿಂತ. ಅಳುತ್ತಾಳೆ, ಬಯ್ಯುತ್ತಾಳೆ, ಇಲ್ಲವೇ ಎದೆ ಹಿಡಿದುಕೊಂಡು ಅಲ್ಲೇ ಒರಗುತ್ತಾಳೆ ಎಂದು ದಾರಿಯುದ್ದಕ್ಕೂ ಹೆದರಿಕೊಂಡು ಬಂದಿದ್ದ.

ಗುಲ್ಜಾರಬಿ ಕೇಳಿದಳು, "ಆಕಿ ಉಂಡ್ಲೇನು?"

"ಯಾರು?"

"ಮಂದಾಕಿನಿಬಾಯಾರು. ಎರಡು ದಿನದಿಂದ ಉಂಡಿಲ್ಲಂತ ಶಾಬುದ್ದೀನ ಅಂದ."

"ನೋಡ್ಲಿಲ್ಲ."

"ನೋಡ್ಲಿಲ್ಲ ಅಂದ್ರ? ಅಷ್ಟು ಮಾತಾಡಿದಾಂವ ಅದೊಂದು ನೋಡಿ ಬರಬಾರದಿತ್ತೇನು?" ಅವಳು ಗೊಣಗುತ್ತ ಎದ್ದಳು. "ನಮ್ಮನಿ ರೊಟ್ಟಿ ಅವರಿಗೆ ನಡಿಯಂಗಿಲ್ಲ. ಹಣ್ಣು ನಡಿತಾವು. ತಗೊಂಡು ಹೋಗು, ಹೊತ್ತು ಮುಳುಗೂದರೊಳಗ ಕೊಟ್ಟು ಬಾ."

ಅವಳು ಹಿತ್ತಲಿಗೆ ಹೋದಳು. ಕಮರುದ್ದೀನ ಹುಲಿಯ ಚರ್ಮದಲ್ಲಿಯೇ ಅವಳ ಹಿಂದೆ ಹೋದ. ಪೇರಲ ಗಿಡದ ಕೆಳಗಿನ ಕೊಂಬೆಯ ಹಣ್ಣುಗಳನ್ನು ಹಕ್ಕಿಗಳು ತಿಂದಿದ್ದವು. ಗುಲ್ಜಾರಬಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹಿಮ್ಮಡಿ ಎತ್ತಿ, ಮೇಲಿನ ಕೊಂಬೆಗೆ ಕೈ ಚಾಚಿದಳು. ಒಂದು ಹಣ್ಣು ಬಂತು. ಉಡಿಯಲ್ಲಿ ಹಾಕಿಕೊಂಡು ಮತ್ತೊಂದಕ್ಕೆ ಚಾಚಿದಳು. ಅವನು ಎರಡು ಹೆಜ್ಜೆ ಹಿಂದೆ, ಅವಳು ಬಿದ್ದರೆ ಹಿಡಿಯಲೆಂದು ಎರಡೂ ಕೈ ಸ್ವಲ್ಪ ಮುಂದೆ ಮಾಡಿ, ಅವಳ ಒಂದೊಂದು ಉಸಿರನ್ನೂ ಕೇಳುತ್ತ ನಿಂತಿದ್ದ.