ಪುಕ್ಕಟೆ ಬದನೆಕಾಯಿ

ದಾನಕ್ಕೆ ಬಂದ ಎಮ್ಮೆಯ ಹಲ್ಲು ಎಣಿಸಬಾರದು ಅನ್ನುತ್ತಾರೆ. ನಾನು ಎಣಿಸಿದೆ. ಎಣಿಸಿದ್ದಲ್ಲದೆ ಆ ಎಮ್ಮೆಯನ್ನು ಕೊಟ್ಟವರ ಬಾಗಿಲಿಗೇ ಹೊಡೆದುಕೊಂಡು ಹೋಗಿ ಕಟ್ಟಿ ಬಂದೆ. ಊರಲ್ಲಿ ಅದರ ಮಾತು ಇನ್ನೂ ನಿಂತಿಲ್ಲ. ನಿಲ್ಲದಿದ್ದರೆ ಬಿಡಲಿ.

ಧಾರವಾಡದ ಹತ್ತಿರ, ಮುಗದದ ಆಚೆಗಿರುವ ಒಂದು ಸಣ್ಣ ಊರಿನ ಸರ್ಕಾರಿ ಶಾಲೆಗೆ ನಾನು ಮುಖ್ಯೋಪಾಧ್ಯಾಯಿನಿ. ಹೆಸರು ರಜನಿ. ಊರಿಗೆಲ್ಲ ಅಕ್ಕೋರು. ಸಿಟ್ಟು ಮೂಗಿನ ತುದಿಯಲ್ಲಿರುವ ಅಕ್ಕೋರು ಎಂದು ಬೆನ್ನ ಹಿಂದೆ ಆಡಿಕೊಳ್ಳುವುದೂ ಗೊತ್ತಿದೆ.

ಬಿಸಿಯೂಟಕ್ಕೆ ಅಕ್ಕಿ, ಬೇಳೆ ಸರ್ಕಾರದಿಂದ ಬರುತ್ತವೆ. ಕಾಯಿಪಲ್ಲೆ ಮಾತ್ರ ಹುಬ್ಬಳ್ಳಿ ಮಾರ್ಕೆಟ್ಟಿನಿಂದ ಬಾಡಿಕೊಂಡು ಬರುತ್ತಿತ್ತು. ಸುತ್ತ ನಾಲ್ಕೂ ಕಡೆ ಹಸಿರು ಬೆಳೆಯುವ ಊರಿನ ಮಕ್ಕಳು ಬಾಡಿದ್ದನ್ನು ತಿನ್ನುವುದು ನೋಡಿ ನನ್ನ ಹೊಟ್ಟೆ ಉರಿಯುತ್ತಿತ್ತು. ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಟ್ರಸ್ಟಿನವರ ಬೆನ್ನು ಹತ್ತಿ, ಕಾಡಿ ಬೇಡಿ ಅನುದಾನ ತಂದೆ. ಟ್ರಸ್ಟಿನ ಹುಡುಗಿ ಸ್ನೇಹಲ್ ಒಂದೇ ಷರತ್ತು ಹೇಳಿದ್ದಳು: ಈ ಹಣದಿಂದ ಊರಿನ ರೈತರ ಹತ್ತಿರವೇ, ನ್ಯಾಯದ ಬೆಲೆಗೆ ಕೊಳ್ಳಬೇಕು. ದಸರಾ ರಜೆ ಬರುವುದರೊಳಗೆ ಕೊಳ್ಳುವುದು ಶುರುವಾಗದಿದ್ದರೆ ಹಣ ಬೇರೆ ಶಾಲೆಗೆ ಹೋಗುತ್ತದೆ.

ಅನುದಾನ ಕೇಳುವಾಗಲೇ ನನ್ನ ಮನಸ್ಸಿನಲ್ಲಿದ್ದವಳು ಶೇವಂತೆವ್ವ. ನಾಲ್ಕನೇ ಇಯತ್ತೆಯ ಪೂನಮ್‌ಳ ಅಜ್ಜಿ. ಮನೆಯಲ್ಲಿ ಇವರಿಬ್ಬರೇ. ಬಾವಿಯ ಪಕ್ಕದ ಒಂದು ತುಂಡು ಹೊಲವನ್ನು ವರ್ಷದ ಲಾವಣಿಗೆ, ಅಂದರೆ ಗೇಣಿಗೆ, ಹಿಡಿದು ಮೆಂತೆ, ರಾಜಗಿರಿ, ಹಕ್ಕರಿಕೆ ಸೊಪ್ಪು ಬೆಳೆಯುತ್ತಾಳೆ. ಧಾರವಾಡಕ್ಕೆ ಹೊತ್ತು ಮಾರಿದರೆ ಬಸ್ಸಿಗೆ, ದಲಾಲಿಗೆ ಹೋಗಿ ಕೈಯಲ್ಲಿ ಉಳಿಯುವುದು ಮಣ್ಣು. ಈ ವರ್ಷವೂ ಹೀಗೇ ಆದರೆ ಹೊಲ ಬಿಟ್ಟು ಸತ್ತೂರಿನ ಆಸ್ಪತ್ರೆಯಲ್ಲಿ ಕಸ ಹೊಡೆಯಲು ಹೋಗುವುದಾಗಿ ಹೇಳಿದ್ದಳು. ಶಾಲೆ ಕೊಂಡರೆ ಹೊಲ ಉಳಿಯುತ್ತದೆ. ಲೆಕ್ಕ ಅಷ್ಟು ಸರಳವಾಗಿತ್ತು.

ಆದರೆ ಬಸಣ್ಣ ಕಾಕಾ ಇದ್ದಾರಲ್ಲ. ಊರಿನಲ್ಲಿ ದೊಡ್ಡ ಹಿಡುವಳಿ ಅವರದು. ಅವರಷ್ಟು ಒಳ್ಳೆಯ ಮನುಷ್ಯರನ್ನು ನಾನು ಕಂಡಿಲ್ಲ, ಮತ್ತು ತೊಂದರೆ ಇದ್ದದ್ದೇ ಅದರಲ್ಲಿ. ಶಾಲೆಗೆ ಕಾಯಿಪಲ್ಲೆ ಬೇಕಂತೆ ಎಂಬ ಸುದ್ದಿ ಕಿವಿಗೆ ಬಿದ್ದ ಮರುದಿನವೇ ಒಂದು ಚೀಲ ಬದನೆಕಾಯಿ ಕಳಿಸಿದರು. ಹಣ ಕೊಡಲು ಹೋದರೆ ಗಲ್ಲ ಗಲ್ಲ ಬಡಿದುಕೊಂಡರು. ಮಕ್ಕಳ ಅನ್ನಕ್ಕೆ ರೊಕ್ಕ ತೆಗೆದುಕೊಂಡರೆ ದಾಸೋಹದ ಮನೆತನಕ್ಕೆ ಕಳಂಕವಂತೆ. ಮರುದಿನ ಇನ್ನೊಂದು ಚೀಲ ಬಂತು. ಆ ಸಲ ಅವರ ಹೊಲದಲ್ಲಿ ಬದನೆ ಸುರಿದುಬಿಟ್ಟಿತ್ತು. ಸಾರಿನಲ್ಲಿ ಬದನೆ, ಪಲ್ಲೆಯಲ್ಲಿ ಬದನೆ, ಅನ್ನದಲ್ಲೂ ಬದನೆ. ಚಿತ್ರದ ತಾಸಿನಲ್ಲಿ ಹೂವು ಬರೆಯಿರಿ ಎಂದರೂ ಮಕ್ಕಳು ನೇರಳೆ ಬಣ್ಣವನ್ನೇ ಎತ್ತಿಕೊಳ್ಳುತ್ತಿದ್ದವು.

ಶೇವಂತೆವ್ವ ಬುಟ್ಟಿ ತುಂಬ ಮೆಂತೆ ತಂದಳು. ನಾನು ಹಣ ಚಾಚಿದೆ. ಆಕೆ ಎರಡೂ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡಳು.

"ಸಾವಕಾರ್ರ ಮನ್ಯಾಗಿಂದ ಪುಕ್ಕಟ ಬರಾಕತ್ತೈತ್ರಿ ಅಕ್ಕೋರ. ಅವರ ಕಣದಾಗಿನ ಕಾಳು ತಿಂದು ಬೆಳದಾಕಿ ನಾ. ಅವರು ಸುಮ್ನ ಕೊಡೂವಾಗ ನಾ ರೊಕ್ಕಕ್ಕ ಕೈ ಚಾಚಿದ್ರ ಊರಾಗ ಮಾರಿ ಹೆಂಗ ತೋರಸ್ಲಿ?"

ಬುಟ್ಟಿ ಬರಿದು ಮಾಡಿ ಹೋದಳು. ಮತ್ತೆರಡು ಸಲ ಹೀಗೇ ಆಯಿತು, ಆಮೇಲೆ ಬರುವುದನ್ನೇ ಬಿಟ್ಟಳು. ಅಜ್ಜಿ ಮುಂದಿನ ವರ್ಷದ ಲಾವಣಿ ಬೇಡ ಅಂದಳೆಂದು, ಸತ್ತೂರಿನಲ್ಲಿ ಕೆಲಸ ಕೇಳಿ ಬಂದಳೆಂದು ಪೂನಮ್ ಹೇಳಿದಾಗ ನನ್ನ ಮೈ ಉರಿದುಹೋಯಿತು.

ಅವತ್ತಿನ ಬದನೆ ಚೀಲ ಅಡುಗೆಮನೆಯ ಬಾಗಿಲಲ್ಲೇ ಇತ್ತು. ಊರಿನ ಬಡೇಸಾಬನ ಆಟೋಗೆ ಅದನ್ನು ಹಾಕಿಸಿಕೊಂಡು ಕಾಕಾರ ಮನೆಗೆ ಹೊರಟೆ. ಇನ್ನೊಮ್ಮೆ ವಿಚಾರ ಮಾಡಿ ಎಂದು ಬಡೇಸಾಬ ದಾರಿಯುದ್ದಕ್ಕೂ ಹೇಳುತ್ತಲೇ ಇದ್ದ. ವಿಚಾರ ಮಾಡಿಯೇ ಹೊರಟಿದ್ದೆ. ಹಾಡಹಗಲು, ಓಣಿಯ ಮಂದಿ ನೋಡುತ್ತಿದ್ದ ಹಾಗೆಯೇ, ಚೀಲವನ್ನು ಅವರ ಕಟ್ಟೆಯ ಮೇಲೆ ಇಳಿಸಿದೆ. ಕಾಕಾರ ಹೆಂಡತಿ ದಾನವ್ವ ಬಾಯಿಗೆ ಸೆರಗು ಹಿಡಿದುಕೊಂಡರು.

ತಮ್ಮ ಮನೆಯ ಅನ್ನವನ್ನು ಇದುವರೆಗೆ ಯಾರೂ ತಿರುಗಿ ಕಳಿಸಿಲ್ಲ, ದಾಸೋಹದಲ್ಲಿ ಏನು ತಪ್ಪು ಕಂಡಿರಿ ಎಂದು ಕಾಕಾ ಕೇಳಿದರು. ನನಗೂ ಕೆಡುಕೆನಿಸಿತು. ಶೇವಂತೆವ್ವನ ಸಂಗತಿ ಎಲ್ಲ ಬಿಡಿಸಿ ಹೇಳಿದೆ. ಕೇಳಿದ ಕಾಕಾ ಕೂಡಲೇ ಆಳನ್ನು ಕೂಗಿ, ಆಕೆಯ ಮನೆಗೆ ಎರಡು ಚೀಲ ಜೋಳ ಹಾಕಿ ಬಾ ಅನ್ನಬೇಕೇ! ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

"ಜ್ವಾಳ ಬ್ಯಾಡ್ರಿ ಕಾಕಾರ," ಅಂದೆ. "ಆಕಿ ಬೆಳದದ್ದಕ್ಕ ಬೆಲಿ ಬೇಕು. ದಾಸೋಹಕ್ಕಿಂತ ಮೊದಲ ಕಾಯಕ ಅಂತ ನೀವ ಹೇಳ್ತೀರಿ. ಆಕಿ ಕಾಯಕಕ್ಕ ನಿಮ್ಮ ದಾಸೋಹ ಅಡ್ಡ ನಿಂತೈತಿ. ನಿಮ್ಮ ಕೈ ಯಾವಾಗ್ಲೂ ಮ್ಯಾಲ ಇರತೈತಿ. ಬರೂ ಸೋಮವಾರ ಸಾಲಿಗೆ ಬಂದು ಒಂದ ಸಲ ಎಲ್ಲಾರ ಮುಂದ ಕೆಳಗ ಹಿಡೀರಿ. ನೀವು ಇಸಕೊಂಡ್ರ ಆಕಿನೂ ಇಸಕೋತಾಳ."

ಕಾಕಾ ಒಳಗೆ ಹೋದರು. ದಾನವ್ವ ಚಹಾ ಕುಡಿದು ಹೋಗಿ ಎನ್ನಲಿಲ್ಲ. ನಮ್ಮ ಕಡೆ ಇದಕ್ಕಿಂತ ದೊಡ್ಡ ಬೈಗುಳ ಇಲ್ಲ.

ಆ ವಾರ ಮಕ್ಕಳು ಬರೀ ಬೇಳೆಸಾರು ಉಂಡವು. ಕಾಕಾರ ಕ್ಷಮೆ ಕೇಳಿ ಎಂದು ಶಾಲಾ ಸಮಿತಿಯ ಅಧ್ಯಕ್ಷರು ಎರಡು ಸಲ ಹೇಳಿ ಕಳಿಸಿದರು. ಕೇಳಲಿಲ್ಲ. ದಸರಾ ರಜೆ ಹತ್ತಿರ ಬಂತು, ಇನ್ನೂ ಏನೂ ಕೊಂಡಿಲ್ಲವಲ್ಲ ಎಂದು ಸ್ನೇಹಲ್ ಫೋನು ಮಾಡಿದಳು, ತಡಿ ಅಂದೆ. ಶೇವಂತೆವ್ವನ ಮನೆಗೆ ಹೋಗಿ, ಸೋಮವಾರ ಬುಟ್ಟಿ ತಂದು ಸುಮ್ಮನೆ ನಿಂತುಕೋ, ಮುಂದಿನದು ನನಗೆ ಬಿಡು ಎಂದು ಹೇಳಿ ಬಂದೆ. ಬಾಯಲ್ಲಿ ಧೈರ್ಯ ಹೇಳಿದೆ. ಒಳಗೆ ಕಾಕಾ ಬಾರದಿದ್ದರೆ ಏನು ಗತಿ ಎಂಬ ಅಂಜಿಕೆ ಕೊರೆಯುತ್ತಿತ್ತು.

ಸೋಮವಾರ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಕಾಕಾ ಬಂದರು. ಸೋಮವಾರ ಬಸವಣ್ಣನ ವಾರವೆಂದು ಎತ್ತು ಹೂಡುವುದಿಲ್ಲ, ಆಳನ್ನೂ ಕರೆದಿರಲಿಲ್ಲ. ಅರ್ಧ ಚೀಲ ಬದನೆಕಾಯಿಯನ್ನು ಸ್ವತಃ ಹೆಗಲ ಮೇಲೆ ಹೊತ್ತಿದ್ದರು. ಬುಟ್ಟಿ ಹಿಡಿದು ನಿಂತಿದ್ದ ಶೇವಂತೆವ್ವ ಸರಿದು ದಾರಿ ಬಿಟ್ಟಳು. ಮಕ್ಕಳನ್ನು ಬಿಡಲು ಬಂದ ತಾಯಂದಿರೆಲ್ಲ ಗೇಟಿನಲ್ಲೇ ನಿಂತರು. ಕಾಕಾ ಚೀಲವನ್ನು ತಕ್ಕಡಿಗೆ ಹಾಕಿದರು. ತೂಗಿ, ಅವರು ಚಾಚಿದ ಅಂಗೈಯಲ್ಲಿ ಹಣ ಇಟ್ಟೆ. ಅವರ ಕಿವಿ ಕೆಂಪಗಾಗಿತ್ತು. ಆದರೂ ಆ ಹಣವನ್ನು ಲಗುಬಗೆಯಿಂದ ಕಿಸೆಗೆ ತುರುಕಲಿಲ್ಲ. ಎಲ್ಲರಿಗೂ ಕಾಣುವ ಹಾಗೆ ಅಂಗೈ ಬಿಚ್ಚಿಕೊಂಡೇ ನಿಂತರು. ಆ ಹೊತ್ತು ನನಗೆ ಅವರ ಕಾಲು ಮುಟ್ಟಬೇಕೆನಿಸಿತು.

"ನಾ ಇಸಕೊಂಡೇನವ್ವ," ಎಂದರು ಶೇವಂತೆವ್ವನಿಗೆ. "ಇನ್ನ ನಿಂದು."

ಶೇವಂತೆವ್ವ ಬುಟ್ಟಿ ಇಳಿಸಿದಳು. ನಾನು ಮೆಂತೆಯ ಕಟ್ಟು ಎಣಿಸಿ ಹಣ ಚಾಚಿದೆ. ಆಕೆ ಹಣವನ್ನು ನೋಡಿದಳು, ನನ್ನನ್ನು ನೋಡಿದಳು, ತೆಗೆದುಕೊಳ್ಳಲಿಲ್ಲ. ಇಷ್ಟೆಲ್ಲ ಮಾಡಿಯೂ ಕೆಟ್ಟಿತಲ್ಲ ಅಂದುಕೊಂಡೆ.

"ಮಾರ್ಕೆಟ್ಟಿನಾಗ ಮೆಂತೆ ಏರೈತ್ರಿ ಅಕ್ಕೋರ," ಅಂದಳು ಶೇವಂತೆವ್ವ, ಗೇಟಿನಲ್ಲಿದ್ದವರಿಗೂ ಕೇಳುವಷ್ಟು ಗಟ್ಟಿಯಾಗಿ. "ಈ ರೇಟಿಗೆ ನನಗ ಪೂರೈಸೂದಿಲ್ಲ."

ನಾನು ಇನ್ನೊಂದು ನೋಟು ಸೇರಿಸಿದೆ. ಆಕೆ ಎಣಿಸಿ ನೋಡಿ ಸೆರಗಿನಲ್ಲಿ ಗಂಟು ಹಾಕಿಕೊಂಡಳು.