ಕಿಟಕಿಯಲ್ಲಿಟ್ಟ ಹಸಿರು ನೀರು

ಬೆರಳುದ್ದದ ಆರು ಗಾಜಿನ ನಳಿಕೆಗಳಲ್ಲಿ ಹಸಿರು ನೀರು. ಅದಕ್ಕೆ ತಗುಲಿದ ಖರ್ಚು ಇಷ್ಟು: ಎರಡು ಬುಟ್ಟಿ ಎಳೆ ಸೊಪ್ಪು, ಸುಡು ಬೇಸಿಗೆಯಲ್ಲೂ ಸ್ವೆಟರ್ ಹಾಕಿಕೊಂಡು ಪ್ರಯೋಗಾಲಯದ ತಣ್ಣನೆ ಕೋಣೆಯಲ್ಲಿ ಕಳೆದ ಒಂದು ತಿಂಗಳು, ಬಿಟ್ಟೂ ಬಿಡದ ನೆಗಡಿ, ಗಂಡನ ಜೊತೆ ಎರಡು ಜಗಳ.

ಎಲೆಯೊಳಗೆ ಬಿಸಿಲನ್ನು ಹಿಡಿಯುವ ಪ್ರೋಟೀನನ್ನು ಸಂಶೋಧನೆ ಮಾಡುವ ಸೊಸೆ ಹೀಗೆ ಬೇರ್ಪಡಿಸಿದ್ದಳು. ಒಂದು ನಳಿಕೆಯನ್ನು ಹಾಗೇ ಬಿಟ್ಟು, ಉಳಿದ ಐದನ್ನು ಅಳೆದು ಒಂದೊಂದು ಹದಕ್ಕೆ ಬಿಸಿ ಮಾಡಬೇಕು. ಯಾವ ಬಿಸಿಗೆ ಪ್ರೋಟೀನಿನ ಮಡಿಕೆ ಎಲ್ಲಿ ಸಡಿಲವಾಗುತ್ತದೆ ಎಂದು ದೊಡ್ಡ ಯಂತ್ರದಲ್ಲಿ ನೋಡಬೇಕು. ಆ ಯಂತ್ರಕ್ಕೆ ಮಾರುದ್ದದ ಸಾಲು. ಅವಳ ಸರದಿ ಸೋಮವಾರ ಬೆಳಿಗ್ಗೆ.

ಶನಿವಾರವೇ ತಣ್ಣನೆ ಕೋಣೆಯನ್ನು ತಂಪಾಗಿಡುವ ಯಂತ್ರ ಕೈಕೊಟ್ಟಿತು. ಮೆಕ್ಯಾನಿಕ್ ಬಂದು ಕಿವಿಗೊಟ್ಟು ಕೇಳಿ, "ಸೋಮವಾರ ನೋಡೋಣ ಮೇಡಂ" ಎಂದು ಹೋದ. ಸೊಸೆ ನಳಿಕೆಗಳನ್ನು ಐಸ್ ಡಬ್ಬಿಯಲ್ಲಿ ಹೂತು, ಬೆಳಕು ತಾಗದಂತೆ ಕಪ್ಪು ಬಟ್ಟೆ ಸುತ್ತಿ ಮನೆಗೆ ತಂದು ಅಡುಗೆಮನೆಯ ಮೂಲೆಯಲ್ಲಿಟ್ಟಳು. ಭಾನುವಾರ ಮಧ್ಯಾಹ್ನ ಇನ್ನಷ್ಟು ಐಸ್ ತರಲು ಹೋದಳು. ಬಂದು ನೋಡಿದರೆ ಕಪ್ಪು ಬಟ್ಟೆ ನೀಟಾಗಿ ಮಡಚಿಟ್ಟಿದೆ. ಕಿಟಕಿಯ ಕಟ್ಟೆಯ ಮೇಲೆ, ಉರಿಬಿಸಿಲಲ್ಲಿ, ಒಂದು ಲೋಟದೊಳಗೆ ನಳಿಕೆಗಳು ನಿಂತಿವೆ.

"ಅತ್ತೇ! ಇದನ್ನ ಯಾರು ಇಲ್ಲಿಟ್ಟಿದ್ದು?"

"ನಾನೇ ಕಣಮ್ಮ," ಎಂದರು ಅತ್ತೆ. ಒಣಗಿದ ಕಡ್ಡಿಯನ್ನೂ ಚಿಗುರಿಸುವ ಕೈ ಅವರದು. ಬಾಲ್ಕನಿ ತುಂಬ ಕುಂಡಗಳು. "ಎಲೆಯ ಸಾರ ಅಂತ ನೀನೇ ಹೇಳಿದ್ದೆ. ಕತ್ತಲಲ್ಲಿ, ಐಸಲ್ಲಿ ನಡುಗ್ತಾ ಕೂತಿತ್ತು, ಪಾಪ. ಗಿಡದ್ದು ಅಂದಮೇಲೆ ಬಿಸಿಲು ಬೇಡ್ವಾ?"

"ಅಯ್ಯೋ ಅತ್ತೆ! ಬಿಸಿ ತಾಗಬಾರದು ಅಂತಾನೇ ಐಸಲ್ಲಿಟ್ಟಿದ್ದು!"

"ನಾಳೆ ಬಿಸಿ ಮಾಡ್ತೀನಿ ಅಂತಿದ್ದವಳು ನೀನೇ ತಾನೆ? ಒಂದು ಕೆಲಸ ಕಮ್ಮಿ ಆಯ್ತು ಅಂದ್ಕೋ."

ಸೊಸೆ ಹಣೆ ಚಚ್ಚಿಕೊಂಡಳು. "ಎಷ್ಟು ಬಿಸಿ ಆಯ್ತು ಅಂತ ಗೊತ್ತಾಗಬೇಕಲ್ಲ ಅತ್ತೆ?"

"ಮುಟ್ಟಿದ್ರೆ ಕೈ ಚುರ್ ಅನ್ನುತ್ತೆ. ಅಷ್ಟು."

"ಅದನ್ನೇ ಬರೀಲಾ? 'ಅತ್ತೆ ಕೈ ಚುರ್ ಅನ್ನುವಷ್ಟು' ಅಂತ?"

"ಬರಿ, ನನಗೇನು? ಬಣ್ಣ ಹಾಗೇ ಇದೆಯಲ್ಲೇ, ಕೆಟ್ಟಿದ್ದೇನು? ಮತ್ತೆ ಐಸಲ್ಲಿಡು, ಸರಿಹೋಗುತ್ತೆ."

"ಬೆಂದ ಮೊಟ್ಟೆನ ಐಸಲ್ಲಿಟ್ರೆ ಹಸಿ ಆಗುತ್ತಾ?"

ಅತ್ತೆ ಲೋಟದಲ್ಲಿದ್ದ ನಳಿಕೆಗಳನ್ನು ಎಣಿಸಿದರು. ಆಮೇಲೆ ಮೆಲ್ಲಗೆ, "ಒಂದು ಇನ್ನೂ ಡಬ್ಬೀಲೇ ಇದೆ. ಲೋಟದಲ್ಲಿ ಜಾಗ ಸಾಲಲಿಲ್ಲ," ಎಂದರು.

ಸೊಸೆ ಐಸ್ ಕೆದಕಿ ಆರನೆಯದನ್ನು ತೆಗೆದಳು. ಅತ್ತೆಯನ್ನೂ ಕರೆದುಕೊಂಡು ಉಗ್ರಾಣಕ್ಕೆ ಹೋಗಿ ಬಾಗಿಲು ಹಾಕಿ, ನೀಲಿ ಟಾರ್ಚ್ ಹಚ್ಚಿ, ಬಿಸಿಲು ತಿಂದ ಒಂದನ್ನೂ ಅದನ್ನೂ ಜೊತೆಗೆ ಹಿಡಿದಳು. ಬಿಸಿಲು ತಿಂದದ್ದು ಕೆಂಡದ ಹಾಗೆ ಕೆಂಪಗೆ ಹೊಳೆಯಿತು. ಐಸಿನದು ಮಂಕಾಗಿತ್ತು.

"ನೋಡು, ಬಿಸಿಲು ಕಂಡು ಎಷ್ಟು ಕಳೆ ಬಂದಿದೆ! ಕೆಟ್ಟಿರೋದು ಆ ಮಂಕಾಗಿರೋದು."

"ಹೊಳೀತಿರೋದೇ ಕೆಟ್ಟಿರೋದು ಅತ್ತೆ. ಬಣ್ಣವನ್ನ ಹಿಡ್ಕೊಂಡಿದ್ದ ಪ್ರೋಟೀನಿನ ಮುಷ್ಟಿ ಬಿಸಿಗೆ ಬಿಚ್ಚಿಹೋಗಿದೆ. ಬಣ್ಣ ಬೆಳಕನ್ನ ಕುಡೀತಾನೇ ಇದೆ, ಅದನ್ನ ಮುಂದಕ್ಕೆ ದಾಟಿಸೋಕೆ ದಾರಿ ಇಲ್ಲ. ಕೆಂಪಗೆ ಸೋರಿ ಹೋಗ್ತಿರೋದು ಅದೇ."

ಅತ್ತೆ ಕತ್ತಲಲ್ಲೇ ಸೊಸೆಯ ಮೊಣಕೈ ಹಿಡಿದುಕೊಂಡರು. "ಬಯ್ಯೋದಾದ್ರೆ ಬಯ್ದುಬಿಡಮ್ಮ."

ಬಯ್ಯುವುದು ಹೇಗೆ? ಡಬ್ಬಿಯ ಮೇಲೆ 'ಮುಟ್ಟಬೇಡಿ' ಎಂದು ಒಂದು ಚೀಟಿ ಅಂಟಿಸಲು ಅವಳಿಗೂ ಹೊಳೆದಿರಲಿಲ್ಲ. ಉಪ್ಪಿನ ಡಬ್ಬಿಗೂ ಚೀಟಿ ಅಂಟಿಸುವ ಮನೆ ಅದು.

ಸೋಮವಾರ ಒಂದೇ ನಳಿಕೆ ಹಿಡಿದು ಹೋದಳು. ಅದನ್ನೇ ಹಂಚಿ ಬಿಸಿ ಮಾಡೋಣವೆಂದರೆ ಯಾವುದಕ್ಕೂ ಸಾಲದು. ಬಿಸಿ ತಾಗದ ಪ್ರೋಟೀನಿನ ಆಕಾರ ಸ್ಪಷ್ಟವಾಗಿ ಸಿಕ್ಕಿತು. ಬಿಸಿಗೆ ಅದು ಯಾವ ಹಂತದಲ್ಲಿ, ಎಲ್ಲಿಂದ ಬಿಚ್ಚಿಕೊಳ್ಳುತ್ತದೆ ಎನ್ನುವುದು ಸಿಗಲಿಲ್ಲ. ಮುಂದಿನ ಸರದಿ ಬರುವ ವರ್ಷ.